ಒಪ್ಪಂದವಾದ ಮೇಲೂ ಸಿಡಿದ ಫಿರಂಗಿ

ಇತಿಹಾಸದ ಪುಸ್ತಕದಲ್ಲಿ ಯುದ್ಧ ಮುಗಿದದ್ದಕ್ಕೆ ಒಂದೇ ದಿನಾಂಕ ಇರುತ್ತದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಯುದ್ಧ ಎಲ್ಲ ಕಡೆಯೂ ಒಂದೇ ದಿನ ನಿಲ್ಲುತ್ತದೆಯೇ? ಸ್ವತಂತ್ರವಾದ ಅಮೆರಿಕ 1812ರಲ್ಲಿ ಬ್ರಿಟನ್ನಿನ ಮೇಲೆ ಮತ್ತೆ ಯುದ್ಧ ಸಾರಿತು. ಅದರ ಕೊನೆಯ ಹಂತವನ್ನು ನೋಡೋಣ.

1814ರ ಡಿಸೆಂಬರ್ 24ರಂದು, ಇಂದಿನ ಬೆಲ್ಜಿಯಂನಲ್ಲಿರುವ ಘೆಂಟ್ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಆಗ ತಂತಿ ಇರಲಿಲ್ಲ, ದೂರವಾಣಿ ಇರಲಿಲ್ಲ. ಸುದ್ದಿ ಹಾಯಿಹಡಗಿನಲ್ಲಿ ಹೋಗಬೇಕು. ಹಡಗಿಗೆ ಗಾಳಿ ಅನುಕೂಲವಾಗಬೇಕು. ಒಪ್ಪಂದದ ಪ್ರತಿ ನ್ಯೂಯಾರ್ಕ್ ತಲುಪಿದ್ದು 1815ರ ಫೆಬ್ರವರಿ 11ರಂದು. 49 ದಿನಗಳು ಕಳೆದಿದ್ದವು!

ಆ ನಡುವೆ, ಜನವರಿ 8ರಂದು ನ್ಯೂ ಆರ್ಲಿಯನ್ಸ್ ಬಳಿ ಘೋರ ಕದನ ನಡೆಯಿತು. ಆಂಡ್ರ್ಯೂ ಜಾಕ್ಸನ್‌ನ ಪಡೆ ಮಣ್ಣಿನ ಗೋಡೆಯ ಹಿಂದೆ ನಿಂತು ಗುಂಡು ಹಾರಿಸಿತು. ಬಯಲಿನಲ್ಲಿ ನುಗ್ಗಿ ಬಂದ ಬ್ರಿಟಿಷರಲ್ಲಿ ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ ಸುಮಾರು 2,000 ಮಂದಿ. ಸೇನಾಪತಿ ಪ್ಯಾಕೆನ್‌ಹ್ಯಾಮ್ ಕೂಡ ಮಡಿದ.

ಇದನ್ನು 'ಯುದ್ಧ ಮುಗಿದ ಮೇಲೆ ನಡೆದ ಕದನ' ಎನ್ನುವುದುಂಟು. ಅದು ಪೂರ್ತಿ ಸರಿಯಲ್ಲ. ಎರಡೂ ಸರ್ಕಾರಗಳು ಅಂಗೀಕರಿಸಿದ ಮೇಲೆಯೇ ಕಾಳಗ ನಿಲ್ಲಬೇಕೆಂದು ಒಪ್ಪಂದದಲ್ಲಿಯೇ ಬರೆದಿತ್ತು. ಅಂಗೀಕಾರ ಪತ್ರಗಳ ವಿನಿಮಯವಾದದ್ದು ಫೆಬ್ರವರಿ 17ರಂದು.

ಒಪ್ಪಂದ ಬರೆದವರಿಗೆ ಸುದ್ದಿಯ ವೇಗ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಸಮುದ್ರಗಳಿಗೆ ಬೇರೆ ಬೇರೆ ಗಡುವು ಕೊಟ್ಟರು. ಅಮೆರಿಕದ ಕರಾವಳಿಗೆ 12 ದಿನ, ಉತ್ತರ ಅಟ್ಲಾಂಟಿಕ್‌ನ ಉಳಿದ ಭಾಗಕ್ಕೆ 30 ದಿನ, ಮೆಡಿಟರೇನಿಯನ್‌ಗೆ 40 ದಿನ, ಅತಿ ದೂರದ ಭಾಗಗಳಿಗೆ 120 ದಿನ. ಗಡುವಿನ ನಂತರ ಹಿಡಿದ ಹಡಗನ್ನು ಹಿಂದಿರುಗಿಸಬೇಕು. ನಾವು ಭೌತಶಾಸ್ತ್ರದಲ್ಲಿ ಕಲಿಯುವ ದೂರ, ವೇಗ, ಕಾಲಗಳ ಲೆಕ್ಕವೇ ಇದು!

ಆದರೂ ಲೆಕ್ಕ ತಪ್ಪಿತು. 1815ರ ಜೂನ್ 30ರಂದು ಜಾವಾ ಮತ್ತು ಸುಮಾತ್ರಾ ನಡುವಿನ ಸುಂಡಾ ಜಲಸಂಧಿಯಲ್ಲಿ ಅಮೆರಿಕದ 'ಪೀಕಾಕ್' ಯುದ್ಧನೌಕೆಗೆ ಈಸ್ಟ್ ಇಂಡಿಯಾ ಕಂಪನಿಯ 'ನಾಟಿಲಸ್' ಎದುರಾಯಿತು. ಶಾಂತಿಯಾಗಿದೆ ಎಂದು ನಾಟಿಲಸ್‌ನ ಅಧಿಕಾರಿ ಬಾಯ್ಸ್ ಕೂಗಿ ಹೇಳಿದ. ಪೀಕಾಕ್‌ನ ವಾರಿಂಗ್‌ಟನ್ ನಂಬಲಿಲ್ಲ. ಬಾವುಟ ಇಳಿಸು ಎಂದ. ಬಾಯ್ಸ್ ಇಳಿಸಲಿಲ್ಲ. ಫಿರಂಗಿಗಳು ಸಿಡಿದವು, ನಾಟಿಲಸ್‌ನಲ್ಲಿ ಹಲವರು ಪ್ರಾಣ ಬಿಟ್ಟರು, ಬಾಯ್ಸ್ ಒಂದು ಕಾಲು ಕಳೆದುಕೊಂಡ. ಮಾರನೆಯ ದಿನ ಕಾಗದಪತ್ರ ನೋಡಿದ ಮೇಲೆ ವಾರಿಂಗ್‌ಟನ್ ಹಡಗನ್ನು ಬಿಟ್ಟುಕೊಟ್ಟ. ಹೋದ ಜೀವಗಳನ್ನು ಹಿಂದಿರುಗಿಸುವವರು ಯಾರು?

ಅಟ್ಲಾಂಟಿಕ್ ಸಾಗರದಡಿಯ ತಂತಿ 1866ರಿಂದ ನಿರಂತರವಾಗಿ ಕೆಲಸ ಮಾಡತೊಡಗಿತು. ವಾರಗಟ್ಟಲೆಯ ದಾರಿ ನಿಮಿಷಗಳಿಗೆ ಇಳಿಯಿತು. ಸುದ್ದಿಯನ್ನು ಬೇಗ ಮುಟ್ಟಿಸುವ ಉಪಾಯವನ್ನು ವಿಜ್ಞಾನ ಕೊಟ್ಟಿದೆ. ಬಂದ ಸುದ್ದಿ ನಿಜವೇ ಎಂದು ಗುಂಡು ಹಾರಿಸುವ ಮೊದಲೇ ವಿಚಾರಿಸುವುದು ಮಾತ್ರ ಮನುಷ್ಯರ ಕೆಲಸ.

ವಿದ್ಯಾರ್ಥಿಗಳೇ, ಫೆಬ್ರವರಿ 17ರಿಂದ 120 ದಿನ ಎಣಿಸಿ. ಸುಂಡಾದಲ್ಲಿ ಗುಂಡು ಹಾರಿದ್ದು ಅತಿ ದೂರದ ಗಡುವಿಗಿಂತಲೂ ಎಷ್ಟು ದಿನ ತಡವಾಗಿ? ಭೂಪಟ ಮುಂದಿಟ್ಟುಕೊಂಡು ಪಾಲಕರೂ ಜೊತೆಗೆ ಕುಳಿತರೆ ಒಳ್ಳೆಯದು.