ದುಬೈ ಬಾಡಿಗೆ ಸೂಚ್ಯಂಕ: ಲೆಕ್ಕ ಸರಿ, ಬೆಡ್ ಸ್ಪೇಸ್‌ನವರು ಮಾತ್ರ ಲೆಕ್ಕಕ್ಕಿಲ್ಲ

ಕಾಸರಗೋಡು, ಮಂಜೇಶ್ವರ, ಉಳ್ಳಾಲ ಕಡೆಯ ಯುವಕರಿಗೆ ದುಬೈ ದೂರದ ಊರಲ್ಲ. ಆದರೆ ತಿಂಗಳ ಕೊನೆಗೆ ಊರಿಗೆ ಎಷ್ಟು ಕಳುಹಿಸಬಹುದು ಎಂಬುದನ್ನು ಸಂಬಳದಷ್ಟೇ ಅಲ್ಲಿನ ಬಾಡಿಗೆಯೂ ತೀರ್ಮಾನಿಸುತ್ತದೆ. ಹಾಗಾಗಿ ಬಾಡಿಗೆ ಏರಿಕೆಗೆ ದುಬೈ ಹಾಕಿರುವ ಕಡಿವಾಣ ಎಷ್ಟು ಗಟ್ಟಿ ಎಂಬುದು ನಮ್ಮೂರಿನ ಮನೆಗಳ ಪ್ರಶ್ನೆಯೂ ಹೌದು.

2025ರ ಜನವರಿಯಲ್ಲಿ ದುಬೈ ಭೂ ಇಲಾಖೆ 'ಸ್ಮಾರ್ಟ್ ಬಾಡಿಗೆ ಸೂಚ್ಯಂಕ' ಜಾರಿಗೆ ತಂದಿತು. ಮೊದಲು ಏರಿಯಾ ನೋಡಿ ಸರಾಸರಿ ಬಾಡಿಗೆ ಹೇಳುತ್ತಿದ್ದರು. ಈಗ ಪ್ರತಿ ಕಟ್ಟಡಕ್ಕೂ 1ರಿಂದ 5ರವರೆಗೆ ಸ್ಟಾರ್ ಕೊಟ್ಟು ಹೇಳುತ್ತಾರೆ. ಲಿಫ್ಟ್ ಕೆಟ್ಟು ನಿಂತ ಹಳೇ ಬಿಲ್ಡಿಂಗ್‌ನ ಮಾಲಕ ಪಕ್ಕದ ಹೊಸ ಬಿಲ್ಡಿಂಗ್ ತೋರಿಸಿ ಬಾಡಿಗೆ ಏರಿಸುವುದು ಈಗ ಸುಲಭವಲ್ಲ.

ಎಷ್ಟು ಏರಿಸಬಹುದು ಎಂಬ ಲೆಕ್ಕ 2013ರ 43ನೇ ಆದೇಶದಲ್ಲಿದೆ. ಈಗಿನ ಬಾಡಿಗೆ ಸರಾಸರಿಗಿಂತ ಶೇ. 10ರವರೆಗೆ ಕಡಿಮೆ ಇದ್ದರೆ ಏರಿಕೆಯೇ ಇಲ್ಲ. ಶೇ. 11ರಿಂದ 20 ಕಡಿಮೆ ಇದ್ದರೆ ಶೇ. 5, 21ರಿಂದ 30ಕ್ಕೆ ಶೇ. 10, 31ರಿಂದ 40ಕ್ಕೆ ಶೇ. 15, ಅದಕ್ಕೂ ಮೇಲಾದರೆ ಗರಿಷ್ಠ ಶೇ. 20. ಉದಾಹರಣೆಗೆ ಬಾಡಿಗೆ 50,000 ದಿರ್ಹಂ, ಸರಾಸರಿ 60,000 ಎಂದಿಟ್ಟುಕೊಳ್ಳಿ. ಮಾಲಕ 60,000 ಕೇಳಿದರೂ ಅವನಿಗೆ ಸಿಗಬೇಕಾದದ್ದು 52,500 ಮಾತ್ರ. ಬೇರೆ ಒಪ್ಪಂದ ಇಲ್ಲದಿದ್ದರೆ ಕರಾರು ಮುಗಿಯುವ 90 ದಿನ ಮೊದಲೇ ನೋಟಿಸ್ ಕೂಡ ಕೊಡಬೇಕು.

ಇಷ್ಟರ ಮಟ್ಟಿಗೆ ವ್ಯವಸ್ಥೆ ಮೆಚ್ಚಬೇಕಾದದ್ದೇ. ಚೌಕಾಸಿಯ ಜಾಗಕ್ಕೆ ಲೆಕ್ಕ ಬಂದಿದೆ, ಆ ಲೆಕ್ಕವನ್ನು ಯಾರು ಬೇಕಾದರೂ ಮೊಬೈಲ್‌ನಲ್ಲೇ ನೋಡಬಹುದು.

ಆದರೆ ತೂತುಗಳೂ ಇವೆ. ಈ ಮಿತಿ ನವೀಕರಣಕ್ಕೆ ಮಾತ್ರ. ಹೊಸ ಬಾಡಿಗೆದಾರನಿಗೆ ಮಾರುಕಟ್ಟೆ ದರವೇ ಗತಿ. ಹಾಗಾಗಿ ಹಳಬನನ್ನು ಎಬ್ಬಿಸಿದರೆ ಮಾಲಕನಿಗೆ ಲಾಭ. ಸ್ವಂತ ವಾಸಕ್ಕೆ ಅಥವಾ ಮಾರಾಟಕ್ಕೆಂದು 12 ತಿಂಗಳ ನೋಟಿಸ್ ಕೊಡಲು ಕಾನೂನಿನಲ್ಲಿ ದಾರಿಯಿದೆ. ಸ್ವಂತಕ್ಕೆಂದು ಬಿಡಿಸಿದ ಮನೆಯನ್ನು 2 ವರ್ಷ ಬೇರೆಯವರಿಗೆ ಕೊಡುವಂತಿಲ್ಲ ನಿಜ, ಆದರೆ ಅದನ್ನು ಗಮನಿಸಿ ದೂರು ಕೊಡಬೇಕಾದವನು ಮನೆ ಬಿಟ್ಟುಹೋದವನೇ!

ದೂರಿಗೂ ಖರ್ಚಿದೆ. ಬಾಡಿಗೆ ವಿವಾದ ಕೇಂದ್ರದ ಶುಲ್ಕ ವಾರ್ಷಿಕ ಬಾಡಿಗೆಯ ಶೇ. 3.5, 50,000ದ ಮನೆಗೆ 1,750 ದಿರ್ಹಂ. 7,500 ಉಳಿಸಲು ಇದು ಪರವಾಗಿಲ್ಲ. ಸಾವಿರ, ಒಂದೂವರೆ ಸಾವಿರದ ತಕರಾರಾದರೆ ಹೆಚ್ಚಿನವರು ಸುಮ್ಮನೆ ಕೊಟ್ಟುಬಿಡುತ್ತಾರೆ.

ದೊಡ್ಡ ಕೊರತೆ ಬೆಡ್ ಸ್ಪೇಸ್‌ನದ್ದು. ಸೂಚ್ಯಂಕ ಇಡೀ ಫ್ಲ್ಯಾಟಿನ ಬಾಡಿಗೆ ನೋಡುತ್ತದೆ, ಒಂದು ಮಂಚದ್ದಲ್ಲ. ಫ್ಲ್ಯಾಟ್ ಹಿಡಿದವನ ಹೆಸರು 'ಎಜಾರಿ' ನೋಂದಣಿಯಲ್ಲಿರುತ್ತದೆ. ಒಳಗೆ ಮಲಗುವವರಲ್ಲಿ ಎಷ್ಟೋ ಜನರ ಬಳಿ ಒಂದು ರಶೀದಿಯೂ ಇರುವುದಿಲ್ಲ. ಮಾಲಕ ಶೇ. 5 ಏರಿಸಿದಾಗ ನಡುವಿನವನು ಶೇ. 20 ಏರಿಸಿದರೂ ಕೇಳಲು ಕಾಗದವಿಲ್ಲ. 2025ರ ಜೂನ್‌ನಲ್ಲಿ ಅಲ್ ರಿಗ್ಗಾ, ಸತ್ವಾ ಮುಂತಾದೆಡೆ ಅಕ್ರಮ ಪಾರ್ಟಿಷನ್‌ಗಳ ಮೇಲೆ ಮುನ್ಸಿಪಾಲಿಟಿ ಕ್ರಮ ಕೈಗೊಂಡಿತು. ಬೆಂಕಿ ಅನಾಹುತ ತಪ್ಪಿಸಲು ಅದು ಬೇಕಿತ್ತು. ಆದರೆ ಅಲ್ಲಿಂದ ಹೊರಬಿದ್ದವನಿಗೆ ಕೈಗೆಟಕುವ ಬಾಡಿಗೆಯ ಜಾಗ ಎಲ್ಲಿದೆ ಎಂಬುದಕ್ಕೆ ಸೂಚ್ಯಂಕದಲ್ಲಿ ಉತ್ತರವಿಲ್ಲ.

ಕುಟುಂಬ ಸಮೇತ ಇರುವವರಿಗೆ ಈ ವ್ಯವಸ್ಥೆ ನಿಜವಾದ ಆಸರೆ. ಒಂಟಿಯಾಗಿ ದುಡಿಯಲು ಹೋದವರಿಗೆ ಅದು ಆಸರೆಯಾಗಬೇಕಾದರೆ ಮೊದಲು ದಾಖಲೆಯಲ್ಲಿ ಹೆಸರು ಇರಬೇಕು. ಎಜಾರಿಯಲ್ಲಿ ಸಹವಾಸಿಗಳ ಹೆಸರು ಸೇರಿಸಲು ಅವಕಾಶವಿದೆ. ವೀಸಾ ಟಿಕೆಟ್ ಬಗ್ಗೆ ನೂರು ಸಲ ವಿಚಾರಿಸುವ ಯುವಕರು, ರೂಮಿನ ಅಡ್ವಾನ್ಸ್ ಕೊಡುವ ಮೊದಲು ಇದೊಂದನ್ನೂ ಕೇಳಿಕೊಳ್ಳುವುದು ಒಳ್ಳೆಯದು.