ಎರಡು ಚೀಟಿಯ ಕಾಗದ

ಗೋವಾದ ಕೊರ್ಲಿಮ್‌ನ ವಿಳಾಸ ಬರೆಯುವಾಗ ಊರಿನ ಹೆಸರಿನ ಜೊತೆ ಇಂದಿಗೂ ‘ಇಲ್ಹಾಸ್’ ಎಂದು ಸೇರಿಸುವುದುಂಟು. ದ್ವೀಪಗಳು ಎಂಬರ್ಥದ ಈ ಪೋರ್ಚುಗೀಸ್ ಮಾತು ತಿಸ್ವಾಡಿ ತಾಲೂಕಿನ ಹಳೆಯ ಹೆಸರು. ಕೊನೆಗೆ ಪಿನ್‌ಕೋಡ್ 403110. ಇಲ್ಲಿನ ಕೈಗಾರಿಕಾ ವಸಾಹತಿನಿಂದ ಧಾರವಾಡಕ್ಕೆ ಕಾಗದ ಹಾಕಲು ಈಗ ಒಂದೇ ಸರ್ಕಾರದ ಚೀಟಿ ಸಾಕು. ನೂರೈವತ್ತು ವರ್ಷದ ಹಿಂದೆ ಸಾಲುತ್ತಿರಲಿಲ್ಲ.

1871ರ ಅಕ್ಟೋಬರ್ 1ರಂದು ಪೋರ್ಚುಗೀಸ್ ಇಂಡಿಯಾ ತನ್ನದೇ ಅಂಚೆ ಚೀಟಿ ಹೊರತಂದಿತು. ಗೋವಾದಲ್ಲೇ ಅಚ್ಚಾದ ಒರಟು ಚೀಟಿಗಳವು. ನಡುವೆ ಬೆಲೆಯ ಅಂಕಿ, ಅದರ ಕೆಳಗೆ ನಾಣ್ಯದ ಹೆಸರು ‘ರೇಯಿಸ್’. ಗೋವಾದೊಳಗೆ ಅವು ನಡೆಯುತ್ತಿದ್ದವು. ಕಾಗದ ಘಟ್ಟ ಹತ್ತಿ ಬ್ರಿಟಿಷರ ಸೀಮೆಗೆ ಹೋಗಬೇಕೆಂದರೆ ಬ್ರಿಟಿಷ್ ಇಂಡಿಯಾದ ಚೀಟಿಯನ್ನೂ ಅಂಟಿಸಬೇಕು. ಆ ಚೀಟಿ 1854ರಿಂದಲೇ ಗೋವಾದಲ್ಲಿ ಬಳಕೆಯಲ್ಲಿತ್ತು. ಹಾಗಾಗಿ ಒಂದೇ ಲಕೋಟೆಯ ಮೇಲೆ ಇತ್ತ ರೇಯಿಸ್, ಅತ್ತ ವಿಕ್ಟೋರಿಯಾ ರಾಣಿಯ ನೀಲಿ ಅರ್ಧಾಣೆ. ಅರ್ಧ ತೊಲ ತೂಕದ ಕಾಗದಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ಅಷ್ಟೇ ದರ. ದೂರ ಎಷ್ಟಿದ್ದರೂ ಅದೇ. ಗೋವಾದವರಿಗೆ ಮಾತ್ರ ಅದು ಮೇಲುಖರ್ಚು.

ಎರಡು ಸಾಮ್ರಾಜ್ಯಗಳು ಕೂತು ಚುಕ್ತಾ ಮಾಡಿಕೊಳ್ಳಬೇಕಾದ ಲೆಕ್ಕವನ್ನು ಕಾಗದ ಬರೆದವರ ತಲೆಗೆ ಕಟ್ಟಿದ್ದು ಅನ್ಯಾಯವೇ.

ಅದು ಸರಿಹೋದದ್ದು ದೂರದ ಬರ್ನ್ ನಗರದಲ್ಲಿ 1874ರ ಅಕ್ಟೋಬರ್ 9ರಂದು ಆದ ಒಪ್ಪಂದದಿಂದ. ಕಾಗದ ಹಾಕಿದ ದೇಶವೇ ಚೀಟಿಯ ಹಣ ಇಟ್ಟುಕೊಳ್ಳಲಿ, ತಲುಪಿದ ದೇಶ ಬೇರೆ ಹಣ ಕೇಳದೆ ಬಟವಾಡೆ ಮಾಡಲಿ; ಹೋದ ಕಾಗದಕ್ಕೆ ಉತ್ತರ ಬಂದೇ ಬರುತ್ತದಲ್ಲ, ಲೆಕ್ಕ ಸರಿಹೋಗುತ್ತದೆ. ಎಷ್ಟು ಸರಳ, ಎಷ್ಟು ಮನುಷ್ಯತ್ವದ ಎಣಿಕೆ! ಬ್ರಿಟಿಷ್ ಇಂಡಿಯಾ 1876ರಲ್ಲಿ ಈ ಒಪ್ಪಂದದಿಂದ ಹುಟ್ಟಿದ ಅಂಚೆ ಒಕ್ಕೂಟ ಸೇರಿತು, ಪೋರ್ಚುಗೀಸ್ ಇಂಡಿಯಾ 1877ರಲ್ಲಿ. ಜೋಡಿ ಚೀಟಿಯ ಕಾಲ ಅಲ್ಲಿಗೆ ಮುಗಿಯಿತು.

ಆಳುವ ದೇಶ ಮತ್ತು ಆಳಿಸಿಕೊಳ್ಳುವ ದೇಶದ ನಡುವಿನ ಲೆಕ್ಕ ಇಷ್ಟು ಸಲೀಸಾಗಿ ಬಗೆಹರಿಯಲಿಲ್ಲ. 1830ರ ಮಾರ್ಚ್ 20ರಂದು ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು ಟಪಾಲು ಹೊತ್ತು ಮುಂಬಯಿಯಿಂದ ಸೂಯೆಜ್‌ಗೆ ಹೊರಟಿತು. ಅದಕ್ಕೆ ಬೇಕಾದ ಕಲ್ಲಿದ್ದಲನ್ನು ಏಡನ್‌ನಂಥ ಬಂದರುಗಳಿಗೆ ಮೊದಲೇ ಸಾಗಿಸಿಡಬೇಕಾಗಿತ್ತು. ಖರ್ಚು ಈಸ್ಟ್ ಇಂಡಿಯಾ ಕಂಪನಿಯದು. ಕಂಪನಿಯ ಹಣವೆಂದರೆ ಇಲ್ಲಿನ ರೈತ ಕಟ್ಟಿದ ಕಂದಾಯ. ಆ ಹಡಗಿನಲ್ಲಿ ಹೋಗುವ ಕಾಗದ ರೈತನದಾಗಿರಲಿಲ್ಲ. ಬ್ರಿಟನ್, ಭಾರತ ಎರಡಕ್ಕೂ ಬೇಕಾದ ಕೆಲಸಕ್ಕೆ ಯಾರ ಪಾಲು ಎಷ್ಟು ಎಂಬುದನ್ನು ವಿಚಾರಿಸಲು ವೆಲ್ಬಿ ಆಯೋಗ ನೇಮಕವಾಗಲು 1895 ಬರಬೇಕಾಯಿತು. ದಾದಾಭಾಯಿ ನವರೋಜಿ ಅದರ ಸದಸ್ಯರಾಗಿದ್ದರು. ಭಾರತದ ತಲೆಯ ಮೇಲಿನ ಹೊರೆಯನ್ನು ಅಂಕಿಗಳಲ್ಲಿ ತೋರಿಸುವ ಕೆಲಸಕ್ಕೇ ಬದುಕು ಸವೆಸಿದವರು ಅವರು.

ಗೋವಾ ಭಾರತಕ್ಕೆ ಸೇರಿದ ಮೇಲೆ ಅಲ್ಲಿ ಭಾರತದ ಚೀಟಿಗಳು ಬಳಕೆಗೆ ಬಂದದ್ದು 1961ರ ಡಿಸೆಂಬರ್ 29ರಂದು. ಹಳೆಯ ಚೀಟಿಗಳೂ ಮುಂದೆ ಕೆಲವು ದಿನ ನಡೆದವು. ಆ ದಿನಗಳಲ್ಲಿ ಕಾಗದ ಹಾಕಿದವರಿಗೆ ಎರಡರಲ್ಲಿ ಯಾವುದಾದರೂ ಒಂದು ಸಾಕಾಗಿತ್ತು.