ಹೋದ ವರ್ಷದ ಸಸಿ ಎಲ್ಲಿ?

ಕಳೆದ ಜೂನ್ 5ರಂದು ದಿಲ್ಲಿಯ ನಮ್ಮ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಮಕ್ಕಳಿಂದ ಸಸಿ ನೆಡಿಸಲಾಯಿತು. ಬ್ಯಾನರ್ ಇತ್ತು, ಫೋಟೋ ಇತ್ತು, ಪ್ರಮಾಣಪತ್ರವೂ ಇತ್ತು. ನೀರೆರೆಯುವವರ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಈ ಊರಿಗೆ ಮುಂಗಾರು ಕಾಲಿಡುವುದು ಜೂನ್ ಕೊನೆಯ ಹೊತ್ತಿಗೆ. ಅಷ್ಟರಲ್ಲಿ ಸಸಿಗಳು ಒಣಗಿ ಕಡ್ಡಿಯಾಗಿದ್ದವು. ಮಕ್ಕಳ ‘ಸಮಾಜಸೇವೆಯ ಅವಧಿ’ಯ ಹಾಳೆಗೆ ಸಹಿ ಹಾಕಿದ ಪೋಷಕರಲ್ಲಿ ನಾನೂ ಒಬ್ಬ. ಆದ್ದರಿಂದ ಈ ದೂರು ಮೊದಲು ನನ್ನ ಮೇಲೆಯೇ.

ಸೇವೆಯ ಮೂಲಕ ಕಲಿಕೆ ಎಂಬುದು ಉತ್ತಮ ತತ್ತ್ವ. ನಾವು ಅದರೊಳಗಿನ ಕಲಿಕೆಯನ್ನು ಕಿತ್ತೆಸೆದಿದ್ದೇವೆ. ಉಳಿದಿರುವುದು ಕ್ಯಾಮೆರಾದ ಸೇವೆ.

“ಮಕ್ಕಳಿಂದ ಇನ್ನೇನಾದೀತು?” ಎನ್ನುವವರಿಗೆ ಇದೇ ನಗರದಲ್ಲಿ ಉತ್ತರವಿದೆ. 1979ರಲ್ಲಿ ಇಲ್ಲಿನ ರಿಡ್ಜ್ ಕಾಡಿನ ನಾಶವನ್ನು ವಿರೋಧಿಸಿದ ವಿದ್ಯಾರ್ಥಿಗಳಿಂದಲೇ ‘ಕಲ್ಪವೃಕ್ಷ’ ಸಂಸ್ಥೆ ಹುಟ್ಟಿತು. 1983ರಲ್ಲಿ ಅದರ ಯುವಕರು ಹಿಂದೂ ಕಾಲೇಜಿನ ವಿದ್ಯಾರ್ಥಿಗಳೊಡನೆ ನರ್ಮದಾ ಕಣಿವೆಯನ್ನು ಸುತ್ತಿ, ಅಣೆಕಟ್ಟುಗಳ ಪರಿಣಾಮವನ್ನು ಕಣ್ಣಾರೆ ಕಂಡು ಬರೆದರು.

ಅದೇ ರಿಡ್ಜ್‌ಗೆ ಇಂದು ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿ ದಟ್ಟವಾಗಿ ಹಬ್ಬಿರುವ ‘ವಿಲಾಯತಿ ಕೀಕರ್’ ನಮ್ಮ ಕಡೆಯ ಬಳ್ಳಾರಿ ಜಾಲಿಯೇ. ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರ ಕಾಲದಲ್ಲಿ ನೆಟ್ಟದ್ದೂ ಹಸಿರಿನ ಆಸೆಯಿಂದಲೇ. ಅದು ಸ್ಥಳೀಯ ಗಿಡಗಳನ್ನು ಮೂಲೆಗೊತ್ತಿತು. ಯಾವ ಗಿಡ, ಎಲ್ಲಿ, ಯಾವಾಗ, ಯಾರ ಆರೈಕೆಯಲ್ಲಿ ಎಂದು ಕೇಳದೆ ನೆಡುವುದೂ ತಪ್ಪಾಗಬಲ್ಲದು ಎಂಬ ಪಾಠವನ್ನು ಥರ್ಮೋಕೋಲಿನ ಮರ ಕಲಿಸೀತೆ?

ಮಕ್ಕಳು ತಮ್ಮ ಬೀದಿಯೊಂದರ ಮರಗಳನ್ನು ವರ್ಷವಿಡೀ ಗಮನಿಸಲಿ. ಎಷ್ಟು ಮರಗಳ ಬುಡಕ್ಕೆ ಕಾಂಕ್ರೀಟ್ ಬಿಗಿದಿದೆ ಎಂದು ಎಣಿಸಲಿ. ದಿಲ್ಲಿಯಲ್ಲಿ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದೆ. ಆ ಆದೇಶವನ್ನು ಉಲ್ಲೇಖಿಸಿ ಅವರೇ ಪತ್ರ ಬರೆಯಲಿ. ಕಡತಗಳ ನಡುವೆಯೇ ಕೂದಲು ನರೆಸಿಕೊಂಡ ನಾನು ಬಲ್ಲೆ: ಘೋಷಣೆಗೆ ಕಡತ ಅಲುಗಾಡದು, ಸ್ಥಳ, ತಾರೀಖು, ಲೆಕ್ಕವಿರುವ ಪತ್ರವನ್ನು ಬದಿಗಿಡುವುದು ಕಷ್ಟ.

“ಇದೇನು ನಮ್ಮೂರೇ? ವರ್ಗವಾದರೆ ಹೊರಟೆವು” ಎಂಬ ನಮ್ಮ ಮಾತನ್ನು ಕೇಳುತ್ತಲೇ ಹೊರನಾಡಿನ ನಮ್ಮ ಮಕ್ಕಳು ಬೆಳೆಯುತ್ತಾರೆ. ಉಸಿರಾಡುವುದು ಮಾತ್ರ ಇಲ್ಲಿನ ಗಾಳಿಯನ್ನೇ. ಊರು ನಮ್ಮದಾಗುವುದು ಅದನ್ನು ನೋಡಿಕೊಂಡಾಗ.

ಬರುವ ಜೂನ್‌ನಲ್ಲಿ ಸಹಿ ಕೇಳಿ ಬಂದವರಿಗೆ ನನ್ನದೊಂದೇ ಪ್ರಶ್ನೆ: ಹೋದ ವರ್ಷದ ಸಸಿ ಎಲ್ಲಿ?